ಹೈಸ್ಕೂಲ್ ಎಕ್ಸ್‌ಚೇಂಜ್: ಮುಂಬೈ, ಪುಣೆ, ಗೋವಾದ ಕನ್ನಡ ಮನೆಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾ, ಡೊಂಬಿವ್ಲಿ, ಪಿಂಪ್ರಿ, ವಾಸ್ಕೋ ಹೀಗೆ ಎಲ್ಲೆಲ್ಲಿಂದಲೋ ಫೋನ್ ಬರುತ್ತದೆ. ಕೆಲವರು ಮಕ್ಕಳನ್ನು ಕಳಿಸುವವರು, ಕೆಲವರು ಹೊರದೇಶದ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳುವವರು, ಕೆಲವರು ಶಾಲೆ ನಡೆಸುವವರು. ನಾವು ಈ ಕೆಲಸದಲ್ಲಿ ಕೈಜೋಡಿಸುವ ಸ್ವಯಂಸೇವಕರು, ಏಜೆಂಟರಲ್ಲ. ಹೆಚ್ಚು ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಕಳಿಸುವವರೂ ಇಟ್ಟುಕೊಳ್ಳುವವರ ಭಾಗವನ್ನು ಓದಿ. ನಿಮ್ಮ ಮಗು ಇರಬೇಕಾದ ಮನೆಯನ್ನೂ ಯಾರೋ ಹೀಗೇ ನೋಡಿ ಒಪ್ಪಿರಬೇಕು.

ಎಕ್ಸ್‌ಚೇಂಜ್ ಅಂದರೆ ವಿದೇಶದಲ್ಲಿ ಓದುವುದೇ ಅಲ್ವಾ?

ಅಷ್ಟೇ ಅಲ್ಲ. ಸುಮಾರು 15ರಿಂದ 18 ವರ್ಷದ ಮಗು ಇನ್ನೊಂದು ದೇಶದ ಒಂದು ಮನೆಯಲ್ಲಿ ಮನೆಯವರ ಹಾಗೆ ಇದ್ದು, ಅಲ್ಲಿನ ಶಾಲೆಗೆ ಹೋಗಿ, ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಕಳೆದು ವಾಪಸ್ ಬರುತ್ತದೆ. ಹಾಸ್ಟೆಲ್ ಇಲ್ಲ, ಪದವಿ ಇಲ್ಲ. ಎಎಫ್‌ಎಸ್ ಎಂಬ ಸಂಸ್ಥೆ ಮೊದಲ ಮಹಾಯುದ್ಧದ ಕಾಲದಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಸ್ವಯಂಸೇವಕರಿಂದ ಶುರುವಾಯಿತು. ಎರಡನೇ ಯುದ್ಧ ಮುಗಿದ ಮೇಲೆ, 1947ರಲ್ಲಿ, ಶಾಲಾ ಮಕ್ಕಳ ವಿನಿಮಯಕ್ಕೆ ಇಳಿಯಿತು. ಜಗಳವಾಡಿದ ದೇಶಗಳ ಮಕ್ಕಳು ಒಂದೇ ಅಡುಗೆಮನೆಯಲ್ಲಿ ತಿಂಡಿ ತಿನ್ನಲಿ ಅನ್ನುವುದು ಅದರ ಆಸೆ.

ಅಮೆರಿಕದ ಕಾಲೇಜಿನಲ್ಲಿ ಸೀಟು ಸಿಗಲಿ ಅಂತ ಇದಕ್ಕೆ ಬರುವವರಿಗೆ ನಾವು ಫೋನಿನಲ್ಲೇ ಬೇಡ ಅಂದುಬಿಡುತ್ತೇವೆ. ಅದಕ್ಕೆ ಬೇರೆ ದಾರಿಗಳಿವೆ.

ಇಲ್ಲಿಂದ ಹೋಗಲು ಯಾವ ಯಾವ ದಾರಿ ಇದೆ?

ಎಎಫ್‌ಎಸ್ ಇಂಡಿಯಾ ಒಂದು. ರೋಟರಿ ಯೂತ್ ಎಕ್ಸ್‌ಚೇಂಜ್ ಇನ್ನೊಂದು. ರೋಟರಿಯಲ್ಲಿ ಎಲ್ಲವೂ ‘ಜಿಲ್ಲೆ’ಗಳ ಮೂಲಕ ನಡೆಯುತ್ತದೆ. ಇವು ಸರ್ಕಾರದ ಜಿಲ್ಲೆಗಳಲ್ಲ, ರೋಟರಿ ತನ್ನ ಕ್ಲಬ್‌ಗಳನ್ನು ಸೇರಿಸಿ ನಂಬರ್ ಕೊಟ್ಟ ವಿಭಾಗಗಳು: ಮುಂಬೈ 3141, ಪುಣೆ 3131. ಗೋವಾ 3170ರಲ್ಲಿದೆ, ಬೆಳಗಾವಿ, ಧಾರವಾಡವೂ ಅದರಲ್ಲೇ. ಹಾಗಾಗಿ ವಾಸ್ಕೋದ ಹುಡುಗ ಮತ್ತು ಧಾರವಾಡದ ಹುಡುಗಿ ಒಂದೇ ಸಂದರ್ಶನದ ಸಾಲಿನಲ್ಲಿ ಕೂತಿರಬಹುದು. ಮಗುವಿನ ಅಪ್ಪ ಅಮ್ಮ ರೋಟರಿ ಸದಸ್ಯರಾಗಿರಲೇಬೇಕೆಂದಿಲ್ಲ, ಒಂದು ಕ್ಲಬ್ ಮುಂದೆ ನಿಂತು ಅರ್ಜಿ ಕಳಿಸಿದರೆ ಸಾಕು.

ಅಮೆರಿಕ ಸರ್ಕಾರದ ದುಡ್ಡಿನಲ್ಲಿ ನಡೆಯುವ ಕೆನಡಿ-ಲೂಗರ್ ಯೆಸ್ ಕಾರ್ಯಕ್ರಮವೂ ಇದೆ. 2002ರಲ್ಲಿ ಹುಟ್ಟಿದ್ದು, ಆಯ್ಕೆಯಾದ ಮಗುವಿನ ಖರ್ಚೆಲ್ಲ ಅದೇ ನೋಡಿಕೊಳ್ಳುತ್ತದೆ. ಪೈಪೋಟಿ ಜೋರು. ಪುಣೆ, ಮುಂಬೈಯ ಶಾಲೆಗಳಲ್ಲಿ ಜರ್ಮನ್ ಕಲಿಯುವ ಮಕ್ಕಳಿಗೆ ಶಾಲೆ-ಶಾಲೆಯ ನಡುವಿನ ಚಿಕ್ಕ ವಿನಿಮಯವೂ ಸಿಗುತ್ತದೆ, ಎರಡು ಮೂರು ವಾರದ್ದು. ಮೊದಲ ಸಲ ಮನೆ ಬಿಟ್ಟು ಹೋಗುವ ಮಗುವಿಗೆ ಇದೇ ವಾಸಿ ಅಂತ ನಮ್ಮ ಅಭಿಪ್ರಾಯ.

ಎಕ್ಸ್‌ಚೇಂಜ್‌ಗೆ ‘ಸ್ಟ್ಯಾಂಡರ್ಡ್ಸ್’ ಅಂತ ನಿಯಮಗಳಿವೆಯಂತೆ, ಯಾರು ಮಾಡಿದ್ದು? ನಮಗೆ ಯಾಕೆ ಬೇಕು?

ಅಮೆರಿಕಕ್ಕೆ ಜೆ-1 ವೀಸಾದಲ್ಲಿ (ವಿನಿಮಯಕ್ಕೆ ಹೋಗುವವರಿಗೆ ಕೊಡುವ ವೀಸಾ) ಹೋಗುವ ಹೈಸ್ಕೂಲ್ ಮಕ್ಕಳಿಗೆ ಅಲ್ಲಿನ ವಿದೇಶಾಂಗ ಇಲಾಖೆಯೇ ನಿಯಮ ಬರೆದಿದೆ. ಆ ಇಲಾಖೆ ಒಪ್ಪಿದ ಸ್ಪಾನ್ಸರ್ ಸಂಸ್ಥೆ ಮಾತ್ರ ಮಗುವನ್ನು ಕರೆಸಿಕೊಳ್ಳಬಹುದು. ಇದರ ಜೊತೆಗೆ ಸಿಎಸ್‌ಐಇಟಿ ಎಂಬ ಸರ್ಕಾರೇತರ ಸಂಸ್ಥೆ 1984ರಿಂದ ಇದೆ. ವಿನಿಮಯ ನಡೆಸುವ ಸಂಸ್ಥೆಗಳನ್ನು ತನ್ನ ಮಾನದಂಡಕ್ಕೆ ಹಚ್ಚಿ ನೋಡಿ, ಪಾಸಾದವರ ಪಟ್ಟಿಯನ್ನು ಪ್ರಕಟಿಸುತ್ತದೆ. ಅಮೆರಿಕದ ಎಷ್ಟೋ ಶಾಲೆಗಳು ಆ ಪಟ್ಟಿ ನೋಡಿಯೇ ಮಗುವನ್ನು ಸೇರಿಸಿಕೊಳ್ಳುತ್ತವೆ. ರೋಟರಿಗೆ ಅದರದೇ ಪದ್ಧತಿ ಇದೆ: ಮಕ್ಕಳ ರಕ್ಷಣೆಯ ನಿಯಮಗಳನ್ನು ಪಾಲಿಸಿ ರೋಟರಿ ಇಂಟರ್‌ನ್ಯಾಷನಲ್‌ನಿಂದ ಸರ್ಟಿಫಿಕೇಟ್ ಪಡೆದ ಜಿಲ್ಲೆ ಮಾತ್ರ ಎಕ್ಸ್‌ಚೇಂಜ್ ನಡೆಸಬಹುದು.

ಇಲ್ಲಿಗೆ ಬರುವ ಮಗುವಿಗೆ ಇವೆಲ್ಲದರ ಮೇಲೆ ನಮ್ಮ ದೇಶದ ಕಾನೂನೂ ಅನ್ವಯಿಸುತ್ತದೆ.

ಯಾಕೆ ಬೇಕು ಅಂದರೆ, ಒಂದು ಮಗು ತನಗೆ ಗೊತ್ತಿಲ್ಲದ ಮನೆಯಲ್ಲಿ ರಾತ್ರಿ ಮಲಗುತ್ತದೆ. ಆ ಮನೆಯವರಲ್ಲದ, ಆ ಮನೆಯವರ ಮುಲಾಜಿಗೆ ಬೀಳದ ಒಬ್ಬರು ಅದಕ್ಕೆ ಫೋನಿನಲ್ಲಿ ಸಿಗಲೇಬೇಕು. ನಿಯಮಗಳ ಮುಕ್ಕಾಲು ಪಾಲು ಇದಕ್ಕಾಗಿಯೇ ಇದೆ.

ಏಜೆನ್ಸಿ ಒಳ್ಳೆಯದಾ ಅಂತ ಹೇಗೆ ತಿಳಿಯುವುದು?

ಬ್ರೋಷರ್ ಪಕ್ಕಕ್ಕಿಡಿ, ಈ ಪ್ರಶ್ನೆಗಳನ್ನು ಕೇಳಿ. ಅಮೆರಿಕದಲ್ಲಿ ನಿಮ್ಮ ಸ್ಪಾನ್ಸರ್ ಯಾರು? ಅದರ ಹೆಸರು ಇಲಾಖೆಯ ಪಟ್ಟಿಯಲ್ಲಿದೆಯಾ, ಸಿಎಸ್‌ಐಇಟಿ ಪಟ್ಟಿಯಲ್ಲಿದೆಯಾ? ಎರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ, ನೀವೇ ನೋಡಬಹುದು. ರಾತ್ರಿ ಎರಡು ಗಂಟೆಗೆ ಮಗು ಯಾರಿಗೆ ಫೋನ್ ಮಾಡಬೇಕು, ಆ ವ್ಯಕ್ತಿ ಎಷ್ಟು ದೂರದಲ್ಲಿದ್ದಾರೆ? ಮನೆ ಬದಲಿಸಬೇಕಾದರೆ ದುಡ್ಡು ಕೇಳುತ್ತೀರಾ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ.

‘ಇಂಥದೇ ಊರು, ಇಂಥದೇ ಶಾಲೆ ಗ್ಯಾರಂಟಿ’ ಅನ್ನುವವರ ಬಗ್ಗೆಯೂ ಹುಷಾರು. ಸಾಮಾನ್ಯ ಜೆ-1 ಕಾರ್ಯಕ್ರಮದಲ್ಲಿ ಊರನ್ನು ನೀವು ಆರಿಸುವುದಿಲ್ಲ, ಮನೆಯವರು ಮಗುವನ್ನು ಆರಿಸುತ್ತಾರೆ. ನ್ಯೂಯಾರ್ಕ್ ಕನಸು ಕಂಡು ಹೊರಟ ಮಗು ಜೋಳದ ಹೊಲಗಳ ನಡುವಿನ ಚಿಕ್ಕ ಊರಿಗೆ ಹೋಗುವುದೇ ಜಾಸ್ತಿ.

ನಮ್ಮದು ಒನ್ ಬಿಎಚ್‌ಕೆ. ಮಗುವನ್ನು ಇಟ್ಟುಕೊಳ್ಳಬಹುದಾ?

ಮುಂಬೈಯಲ್ಲಿ ಇದೇ ಮೊದಲ ಪ್ರಶ್ನೆ. ಸಂಕೋಚದಿಂದಲೇ ಕೇಳುತ್ತಾರೆ.

ಅಮೆರಿಕದ ನಿಯಮ ಏನು ಕೇಳುತ್ತದೆ ನೋಡಿ. ಮಗುವಿಗೆ ಅದರದೇ ಆದ ಹಾಸಿಗೆ ಇರಬೇಕು, ಅದು ಸೋಫಾ ಮಡಚಿ ಮಾಡಿದ್ದಾಗಲಿ ಗಾಳಿ ತುಂಬಿಸುವಂಥದ್ದಾಗಲಿ ಆಗಬಾರದು. ಬಟ್ಟೆಬರೆ ಇಡಲು ಜಾಗ, ಬಾತ್‌ರೂಮಿಗೆ ಸಲೀಸಾದ ದಾರಿ, ಓದಲು ಒಂದು ಕಡೆ, ಬೆಂಕಿ ಬಿದ್ದರೆ ತಡೆಯಿಲ್ಲದೆ ಹೊರಗೆ ಓಡಲು ದಾರಿ. ರೂಮನ್ನು ಹಂಚಿಕೊಳ್ಳಬಹುದು, ಆದರೆ ಒಬ್ಬರ ಜೊತೆ ಮಾತ್ರ, ಅದೂ ಹುಡುಗನಾದರೆ ಹುಡುಗನ ಜೊತೆ, ಹುಡುಗಿಯಾದರೆ ಹುಡುಗಿಯ ಜೊತೆ. ಪ್ರತ್ಯೇಕ ರೂಮೇ ಬೇಕು ಅಂತ ಎಲ್ಲೂ ಇಲ್ಲ!

ಇದು ಅಮೆರಿಕದ ಮನೆಗಳಿಗೆ ಬರೆದ ನಿಯಮ. ಇಲ್ಲಿಗೆ ಬರುವ ಮಗುವಿಗೂ ನಾವು ಇದನ್ನೇ ಅಳತೆಯಾಗಿ ಇಟ್ಟುಕೊಂಡಿದ್ದೇವೆ. ಹಾಗಾಗಿ ಹಾಲ್‌ನಲ್ಲಿ ಎಲ್ಲರೂ ಸಾಲಾಗಿ ಮಲಗುವ ಒನ್ ಬಿಎಚ್‌ಕೆ ವರ್ಷದ ವಿನಿಮಯಕ್ಕೆ ಆಗುವುದಿಲ್ಲ. ಮಗಳ ರೂಮಿನಲ್ಲಿ ಇನ್ನೊಂದು ಮಂಚ ಹಾಕಬಹುದಾದ ಟೂ ಬಿಎಚ್‌ಕೆ ಧಾರಾಳವಾಗಿ ಆಗುತ್ತದೆ. ಒನ್ ಬಿಎಚ್‌ಕೆಯವರು ಬೇಜಾರಾಗಬೇಡಿ. ಹಬ್ಬಕ್ಕೆ ಕರೆಯುವ ಮನೆ, ಭಾನುವಾರ ನೀರುದೋಸೆಗೆ ಕರೆಯುವ ಮನೆ ಕೂಡ ಬೇಕಾಗುತ್ತದೆ. ಮಗುವಿನ ವರ್ಷ ಚೆನ್ನಾಗಿ ಹೋಗುವುದು ಎಷ್ಟೋ ಸಲ ಅಂಥ ಮನೆಗಳಿಂದ.

ನಾವೆಲ್ಲ ಸಂಘದವರೇ, ಒಬ್ಬರನ್ನೊಬ್ಬರು ಗೊತ್ತು. ಇಷ್ಟೆಲ್ಲ ವಿಚಾರಣೆ ಬೇಕಾ?

ಬೇಕು. ಈ ಒಂದು ವಿಷಯದಲ್ಲಿ ನಾವು ಜಗ್ಗುವುದಿಲ್ಲ.

ಮುಂಬೈ ಕನ್ನಡಿಗರ ಬದುಕು ನಿಂತಿರುವುದೇ ಗುರುತಿನ ಮೇಲೆ. ಊರಿನವರು, ಜಾತಿ ಸಂಘದವರು, ಯಕ್ಷಗಾನ ಮಂಡಳಿಯವರು, ಹೋಟೆಲಿನಲ್ಲಿ ಜೊತೆಗೆ ದುಡಿದವರು. ಅದೇ ನಮ್ಮ ಬಲ. ಮಗುವಿನ ರಕ್ಷಣೆಯ ವಿಷಯ ಬಂದಾಗ ಅದೇ ನಮ್ಮ ಕುರುಡು. ‘ಅವರು ಒಳ್ಳೆಯವರು, ನನಗೆ ಗೊತ್ತು’ ಅನ್ನುವುದು ಪರಿಚಯ, ಪರಿಶೀಲನೆ ಅಲ್ಲ. ಗೊತ್ತಿರುವವರನ್ನು ಪ್ರಶ್ನೆ ಕೇಳಲು ನಮಗೆ ನಾಚಿಕೆ, ಅಲ್ವಾ? ಆ ನಾಚಿಕೆ ತೆಗೆಯುವುದಕ್ಕೇ ಫಾರ್ಮ್ ಇರುವುದು. ಎಲ್ಲರಿಗೂ ಒಂದೇ ಪ್ರಶ್ನೆ ಅಂದಮೇಲೆ ಯಾರಿಗೂ ಅವಮಾನವಿಲ್ಲ.

ಅಮೆರಿಕದಲ್ಲಿ ಸ್ಪಾನ್ಸರ್‌ನವರು ಮನೆಗೇ ಬಂದು ಮನೆಯವರ ಜೊತೆ ಕೂತು ಮಾತಾಡಬೇಕು. ಮನೆಯ ಹೊರಗಡೆ, ಅಡುಗೆಮನೆ, ಮಗುವಿನ ರೂಮು, ಬಾತ್‌ರೂಮು, ಹಾಲ್ ಎಲ್ಲದರ ಫೋಟೊ ತೆಗೆಯಬೇಕು. ಮನೆಯಲ್ಲಿರುವ 18 ದಾಟಿದ ಪ್ರತಿಯೊಬ್ಬರ ಮೇಲೂ ಕ್ರಿಮಿನಲ್ ಕೇಸು ಇದೆಯಾ ಅಂತ ನೋಡಬೇಕು. ಕಾಲೇಜಿಗೆ ಹೋಗುವ ಅಣ್ಣನೂ ಸೇರಿ, ಅಜ್ಜನೂ ಸೇರಿ. ಇಬ್ಬರು ಹೊರಗಿನವರು ಆ ಮನೆಯ ಬಗ್ಗೆ ಹೇಳಬೇಕು, ಅವರು ನೆಂಟರಾಗಿರಬಾರದು. ಇಲ್ಲಿ ನಾವು ಪೊಲೀಸ್ ವೆರಿಫಿಕೇಶನ್ ಕೇಳುತ್ತೇವೆ. ಹೊರಗಿನ ಇಬ್ಬರ ಮಾತು ಕೇಳುವಾಗ ಒಬ್ಬರಾದರೂ ಸಂಘದವರಲ್ಲದವರು ಇರಲಿ ಅನ್ನುತ್ತೇವೆ: ಮಗನ ಕ್ಲಾಸ್ ಟೀಚರ್, ಸೊಸೈಟಿಯ ಮರಾಠಿ ಅಥವಾ ಗುಜರಾತಿ ನೆರೆಯವರು, ಯಾರಾದರೂ ಸರಿ.

ಸಂಘದ ದೊಡ್ಡವರೊಬ್ಬರು ಇದಕ್ಕೆ ‘ನನ್ನನ್ನೇ ನಂಬಲ್ವಾ’ ಅಂತ ಮುನಿಸಿಕೊಂಡದ್ದುಂಟು. ಮುನಿಸು ಹೋಗಲಿಲ್ಲ, ಮಗುವನ್ನು ಬೇರೆ ಮನೆಗೆ ಕೊಟ್ಟೆವು.

ಕೋಆರ್ಡಿನೇಟರ್ ಅಂದರೆ ಏನು ಮಾಡುತ್ತಾರೆ?

ಮಗುವಿಗೆ ಫೋನಿನಲ್ಲಿ ಸಿಗಲೇಬೇಕು ಅಂತ ಮೇಲೆ ಹೇಳಿದ ಆ ‘ಒಬ್ಬರು’ ಇವರೇ. ಅಮೆರಿಕದ ನಿಯಮದ ಪ್ರಕಾರ ಇವರು ಮಗುವಿನ ಮನೆಯಿಂದ 120 ಮೈಲಿ ಒಳಗೇ ಇರಬೇಕು. ಪ್ರತಿ ತಿಂಗಳು ಮಗುವಿನ ಜೊತೆ ಮಾತಾಡಬೇಕು, ಮೊದಲ ತಿಂಗಳು ಮುಖಾಮುಖಿ. ಮನೆಯವರ ಜೊತೆಗೂ ಪ್ರತಿ ತಿಂಗಳು ಮಾತು ಇರಬೇಕು. ಕೋಆರ್ಡಿನೇಟರ್ ಅಲ್ಲದ ಇನ್ನೊಬ್ಬರು ಮೊದಲ ಎರಡು ತಿಂಗಳೊಳಗೆ ಬಂದು ಮನೆ ನೋಡಿ ಹೋಗಬೇಕು. ನೋಡಿದವರೇ ನೋಡುತ್ತಿದ್ದರೆ ಕಣ್ಣು ಒಗ್ಗಿಬಿಡುತ್ತದೆ.

ಇಲ್ಲಿ ಮುಂಬೈಯಲ್ಲಿ 120 ಮೈಲಿಗೆ ಅರ್ಥವಿಲ್ಲ. ವಿರಾರ್‌ನ ಮಗುವಿಗೆ ಪನ್ವೇಲ್‌ನ ಕೋಆರ್ಡಿನೇಟರ್ ಕೊಟ್ಟರೆ ಮಳೆಗಾಲದಲ್ಲಿ ಮುಗಿಯಿತು. ಒಂದೇ ರೈಲ್ವೆ ಲೈನಿನಲ್ಲಿ ಇರಲಿ ಅಂತ ನೋಡುತ್ತೇವೆ. ಮಾತಾಡುವಾಗ ಮಗುವನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋಗುತ್ತೇವೆ. ಹೋಸ್ಟ್ ಅಮ್ಮ ಪಕ್ಕದಲ್ಲಿ ಚಹಾ ಹಿಡಿದು ನಿಂತಿದ್ದರೆ ಯಾವ ಮಗುವೂ ‘ಎಲ್ಲ ಚೆನ್ನಾಗಿದೆ’ ಅಂತಲೇ ಹೇಳುತ್ತದೆ.

ಇಟ್ಟುಕೊಂಡರೆ ದುಡ್ಡು ಕೊಡ್ತಾರಾ?

ಇಲ್ಲ. ಅಮೆರಿಕದಲ್ಲೂ ಜೆ-1 ಮಕ್ಕಳನ್ನು ಇಟ್ಟುಕೊಳ್ಳುವ ಮನೆಯವರಿಗೆ ಸಂಬಳ ಕೊಡುವ ಹಾಗಿಲ್ಲ. ಮಗುವಿನ ಇನ್ಶೂರೆನ್ಸ್ ಮತ್ತು ಕೈಖರ್ಚು ಅವರ ಅಪ್ಪ ಅಮ್ಮನದು, ಊಟ ವಸತಿ ನಿಮ್ಮದು.

ವಿದೇಶಿ ಮಗು ಮನೆಗೆ ಬಂದರೆ ಪೊಲೀಸರಿಗೆ ಹೇಳಬೇಕಾ?

ಹೇಳಲೇಬೇಕು. ವಿದೇಶಿಯರು ನಿಮ್ಮ ಮನೆಗೆ ಬಂದು ಇಳಿದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಎಲ್ಲರೂ ಇದನ್ನು ಸಿ ಫಾರ್ಮ್ ಅನ್ನುತ್ತಾರೆ. ಇದು ಹೋಟೆಲಿಗೆ ಮಾತ್ರ ಅಂದುಕೊಂಡವರೇ ಜಾಸ್ತಿ, ಮನೆಗೂ ಅನ್ವಯಿಸುತ್ತದೆ. ಶಾಲೆಯವರು ಮಗುವನ್ನು ಸೇರಿಸಿಕೊಂಡಾಗ ಎಸ್ ಫಾರ್ಮ್ ಅನ್ನುವ, ವಿದೇಶಿ ವಿದ್ಯಾರ್ಥಿಯ ವಿವರದ ಫಾರ್ಮ್ ತುಂಬಬೇಕು. ವೀಸಾದ ಅವಧಿ 180 ದಿನಕ್ಕಿಂತ ಹೆಚ್ಚಿದ್ದರೆ ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ತಾಣದಲ್ಲಿ, ನೋಂದಣಿ. ಇದಕ್ಕೆ ಶಾಲೆಯ ಬೋನಾಫೈಡ್ ಮತ್ತು ನಿಮ್ಮ ಮನೆಯ ವಿಳಾಸದ ದಾಖಲೆ ಬೇಕು. ಮಗು ಮನೆ ಬದಲಿಸಿದರೆ ಹೊಸ ಮನೆಯವರು ಮತ್ತೆ ತುಂಬಬೇಕು. ರೋಟರಿಯಲ್ಲಿ ವರ್ಷಕ್ಕೆ ಎರಡು ಮೂರು ಮನೆ ಬದಲಾಗುತ್ತವೆ, ಅಲ್ಲೇ ಇದು ಮರೆತುಹೋಗುವುದು.

ಸೊಸೈಟಿಯ ಸೆಕ್ರೆಟರಿಗೂ ಒಂದು ಕಾಗದ ಕೊಟ್ಟುಬಿಡಿ. ಇಲ್ಲವಾದರೆ ವಾಚ್‌ಮನ್ ಮೊದಲ ದಿನವೇ ಮಗುವನ್ನು ಗೇಟಿನಲ್ಲಿ ನಿಲ್ಲಿಸಿರುತ್ತಾನೆ.

ನಮ್ಮ ಮಗುವಿಗೆ ಒಂದು ವರ್ಷ ಹಾಳಾಗುವುದಿಲ್ವಾ?

ಹಾಳು ಅನ್ನಲಾರೆವು, ಆದರೆ ಒಂದು ವರ್ಷ ಹೆಚ್ಚಾಗಬಹುದು. ಅದನ್ನು ಒಪ್ಪಿಕೊಂಡೇ ಹೊರಡಿ.

ಅಮೆರಿಕದ ಶಾಲೆ ಆಗಸ್ಟ್‌ನಿಂದ ಮೇ-ಜೂನ್‌ವರೆಗೆ. ನಮ್ಮಲ್ಲಿ ಮಹಾರಾಷ್ಟ್ರ ಬೋರ್ಡಿನದು ಜೂನ್‌ಗೆ ಶುರು, ಸಿಬಿಎಸ್‌ಇಯದು ಏಪ್ರಿಲ್‌ಗೆ. ಎರಡೂ ಹೊಂದುವುದಿಲ್ಲ. ಮಹಾರಾಷ್ಟ್ರದಲ್ಲಿ ಇನ್ನೊಂದು ತೊಡಕಿದೆ: ಹತ್ತನೇ ಕ್ಲಾಸಿಗೆ ಶಾಲೆಯೇ ಮುಗಿದು ಮಕ್ಕಳು ಜೂನಿಯರ್ ಕಾಲೇಜಿಗೆ ಹೋಗುತ್ತಾರೆ. ಹನ್ನೊಂದನೆಯ ಆನ್‌ಲೈನ್ ಅಡ್ಮಿಶನ್ನಿನಲ್ಲಿ ಸೀಟು ಸಿಕ್ಕ ಮಗು ಎರಡು ತಿಂಗಳಿಗೇ ಹೊರಟುಬಿಟ್ಟರೆ ಕಾಲೇಜಿನವರು ಏನು ಮಾಡಬೇಕು? ಹೊರಡುವ ಮೊದಲೇ ಪ್ರಿನ್ಸಿಪಾಲರ ಹತ್ತಿರ ಮಾತಾಡಿ, ವಾಪಸ್ ಬಂದಮೇಲೆ ಯಾವ ಕ್ಲಾಸಿಗೆ ಸೇರಿಸಿಕೊಳ್ಳುತ್ತಾರೆ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಬೇಡ, ಪ್ರಿನ್ಸಿಪಾಲರು ಬದಲಾಗುತ್ತಾರೆ. ಅವಸರದಲ್ಲಿ ಎಲ್‌ಸಿ (ಶಾಲೆ ಬಿಟ್ಟ ಸರ್ಟಿಫಿಕೇಟ್) ತೆಗೆದುಕೊಂಡು ಹೋಗಬೇಡಿ.

ಸಿಬಿಎಸ್‌ಇಯಲ್ಲಿ 11 ಮತ್ತು 12 ಒಟ್ಟಿಗೆ ಎರಡು ವರ್ಷದ ಕೋರ್ಸು, 75 ಶೇಕಡಾ ಹಾಜರಿ ಬೇಕು. ಹಾಗಾಗಿ ಹತ್ತು ಮುಗಿಸಿ ಹೋಗಿ, ಬಂದು ಹನ್ನೊಂದಕ್ಕೆ ಸೇರುವುದು ಸಲೀಸಾದ ದಾರಿ. ಜೆಇಇ, ನೀಟ್ ಕೋಚಿಂಗಿಗೆ ದುಡ್ಡು ಕಟ್ಟಿರುವ ಮನೆಯವರು ಇದಕ್ಕೆ ಕೈಹಾಕಬೇಡಿ, ಮಗು ಎರಡೂ ಕಡೆ ನರಳುತ್ತದೆ.

ಅಮೆರಿಕದ ವಯಸ್ಸಿನ ಲೆಕ್ಕವನ್ನೂ ನೆನಪಿಡಿ. ಕಾರ್ಯಕ್ರಮ ಶುರುವಾಗುವಾಗ ಮಗುವಿಗೆ 15 ಆಗಿರಬೇಕು, 18 ವರ್ಷ 6 ತಿಂಗಳು ದಾಟಿರಬಾರದು. ಒಮ್ಮೆ ಅಲ್ಲಿ ಹೈಸ್ಕೂಲ್ ವಿನಿಮಯಕ್ಕೆ ಹೋಗಿ ಬಂದವರಿಗೆ ಎರಡನೇ ಸಲ ಇಲ್ಲ.

ನಮ್ಮ ಶಾಲೆಯಲ್ಲಿ ವಿದೇಶಿ ಮಗುವನ್ನು ಸೇರಿಸಿಕೊಳ್ಳಲು ಏನು ಬೇಕು?

ಪ್ರಿನ್ಸಿಪಾಲರ ಲಿಖಿತ ಒಪ್ಪಿಗೆ, ನಿಮ್ಮ ಬೋರ್ಡಿನ ಅನುಮತಿ, ಎಸ್ ಫಾರ್ಮ್, ಮಗುವಿಗೆ ಅಂತಲೇ ಒಬ್ಬ ಟೀಚರ್. ಹತ್ತು, ಹನ್ನೆರಡರ ಕ್ಲಾಸಿಗೆ ಹಾಕಬೇಡಿ. ಅಲ್ಲಿ ಎಲ್ಲರೂ ಪರೀಕ್ಷೆಯ ಗುಂಗಿನಲ್ಲಿರುತ್ತಾರೆ, ಮಗುವಿನ ಜೊತೆ ಮಾತಾಡುವವರೇ ಇರುವುದಿಲ್ಲ. ಒಂಬತ್ತು ಅಥವಾ ಹನ್ನೊಂದು ಒಳ್ಳೆಯದು. ಒಂದೇ ದೇಶದ ನಾಲ್ಕೈದು ಮಕ್ಕಳನ್ನು ಒಂದೇ ಕ್ಲಾಸಿನಲ್ಲಿ ಕೂಡಿಸಬೇಡಿ. ಅವರವರೇ ಗುಂಪು ಕಟ್ಟಿಕೊಂಡು ಕೂರುತ್ತಾರೆ. ಅಮೆರಿಕದಲ್ಲಿ ಇದಕ್ಕೇ ಮಿತಿ ಇದೆ: ಶಾಲೆಯೇ ಬರೆದು ಕೇಳದ ಹೊರತು ಒಂದು ಸ್ಪಾನ್ಸರ್ ಒಂದು ಶಾಲೆಗೆ ಐದಕ್ಕಿಂತ ಹೆಚ್ಚು ಮಕ್ಕಳನ್ನು ಕಳಿಸುವಂತಿಲ್ಲ.

ಅಮೆರಿಕ ವೀಸಾ ಹೇಗೆ?

ಮಗು ತಮ್ಮ ಕಾರ್ಯಕ್ರಮಕ್ಕೆ ಬರುತ್ತಿದೆ ಅನ್ನುವ ಡಿಎಸ್-2019 ಎಂಬ ಕಾಗದವನ್ನು ಸ್ಪಾನ್ಸರ್ ಕಳಿಸುತ್ತಾರೆ. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕದ ವ್ಯವಸ್ಥೆ) ಶುಲ್ಕ 220 ಡಾಲರ್ ಕಟ್ಟಿ, ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿ ಸಂದರ್ಶನಕ್ಕೆ ಹೋಗಬೇಕು. ಮುಂಬೈ, ಪುಣೆ, ಗೋವಾ ಮೂರಕ್ಕೂ ಕಾನ್ಸುಲೇಟ್ ಒಂದೇ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ. ಮಗುವಿನ ಪಾಸ್‌ಪೋರ್ಟ್ ಅವಧಿ ಈಗಲೇ ನೋಡಿ. ಅಪ್ರಾಪ್ತರ ಪಾಸ್‌ಪೋರ್ಟ್ ಐದು ವರ್ಷಕ್ಕೇ ಮುಗಿಯುತ್ತದೆ. 15 ದಾಟಿದವರು ಹತ್ತು ವರ್ಷದ್ದನ್ನು ಕೇಳಬಹುದು. ಇನ್ಶೂರೆನ್ಸ್ ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ಇರಬೇಕು ಅನ್ನುವುದು ಜೆ ವೀಸಾದ ನಿಯಮ.

ನಾವು ಸಸ್ಯಾಹಾರಿಗಳು. ತೊಂದರೆ ಆಗುತ್ತಾ?

ಅರ್ಜಿಯಲ್ಲಿ ನಿಜ ಬರೆದರೆ ಆಗುವುದಿಲ್ಲ. ‘ಮೊಟ್ಟೆ ತಿಂತಾನೆ’ ಅಂತ ಸುಮ್ನೆ ಬರೆದು ಕಳಿಸಿದರೆ ಆಗುತ್ತದೆ. ಒಂದೇ ಒಲೆಯಲ್ಲಿ ಮಾಂಸ ಬೇಯುವುದನ್ನು ಸಹಿಸಿಕೊಳ್ಳಲಾರದ ಮಗುವನ್ನು ಕಳಿಸಬೇಡಿ. ಹಾಗೇ ಇಲ್ಲಿಗೆ ಬರುವ ಮಗುವಿಗೂ ಮೊದಲೇ ತಿಳಿಸಿ: ನಮ್ಮ ಮನೆಯಲ್ಲಿ ಮಾಂಸ ಇಲ್ಲ, ಹೊರಗೆ ತಿನ್ನಬಹುದಾ ಇಲ್ವಾ. ಬಂಗುಡೆ ಸಾರಿನ ಮನೆಯವರಿಗೆ ಬೇರೆ ತಾಪತ್ರಯ: ಮುಳ್ಳು ತೆಗೆಯಲು ಹೇಳಿಕೊಡಿ.

ದಿನಾ ವಿಡಿಯೊ ಕಾಲ್ ಮಾಡಬಹುದಾ?

ಬೇಡ. ವಾರಕ್ಕೊಮ್ಮೆ ಸಾಕು. ಮೊದಲ ಆರೇಳು ವಾರ ಮಗು ಅಳುತ್ತದೆ, ನೀವೂ ಅಳುತ್ತೀರಿ. ದಿನಾ ರಾತ್ರಿ ಊಟದ ಹೊತ್ತಿಗೆ ಅಮ್ಮ ಫೋನಿನಲ್ಲಿದ್ದರೆ ಮಗು ಆ ಮನೆಯವರ ಜೊತೆ ಊಟಕ್ಕೇ ಕೂರುವುದಿಲ್ಲ. ಮಗುವಿನ ದನಿ ಬದಲಾಗಿದೆ, ಏನೋ ಮುಚ್ಚಿಡುತ್ತಿದೆ ಅನ್ನಿಸಿದರೆ ಮಾತ್ರ ಕಾಯಬೇಡಿ, ಆ ಕ್ಷಣವೇ ಕೋಆರ್ಡಿನೇಟರ್‌ಗೆ ಹೇಳಿ.

ಗೋವಾದಲ್ಲಿ ಸ್ವಲ್ಪ ಸಡಿಲ ಅಲ್ವಾ?

ಗೋವಾದಲ್ಲಿ ಕುಡಿಯುವ ವಯಸ್ಸು 18, ಮಹಾರಾಷ್ಟ್ರದಲ್ಲಿ ಅದಕ್ಕಿಂತ ಜಾಸ್ತಿ. ಆದರೆ ಎಕ್ಸ್‌ಚೇಂಜ್ ಮಗುವಿಗೆ ಆ ಲೆಕ್ಕ ಬರುವುದಿಲ್ಲ. ರೋಟರಿಯಲ್ಲಿ ನಾಲ್ಕು ನಿಷೇಧ ಎಲ್ಲರಿಗೂ ಬಾಯಿಪಾಠ: ಮಾದಕವಸ್ತು, ಕುಡಿತ, ಗಾಡಿ ಓಡಿಸುವುದು, ಪ್ರೇಮ ಪ್ರಕರಣ. ಗೋವಾದಲ್ಲಿ ತಾಪತ್ರಯ ಜಾಸ್ತಿ ಆಗುವುದು ಮೂರನೆಯದರಿಂದ. ‘ಇಲ್ಲೇ ಮೂಲೆ ಅಂಗಡಿಗೆ’ ಅಂತ ಹೋಸ್ಟ್ ಅಣ್ಣನೇ ಆಕ್ಟಿವಾ ಕೀ ಕೊಟ್ಟುಬಿಡುತ್ತಾನೆ. ಕೊಡಬೇಡಿ.

ಮಗುವಿಗೂ ಮನೆಯವರಿಗೂ ಹೊಂದಾಣಿಕೆ ಆಗದಿದ್ದರೆ?

ಮನೆ ಬದಲಿಸುತ್ತೇವೆ. ಇದರಲ್ಲಿ ಯಾರ ತಪ್ಪೂ ಇರಬೇಕೆಂದಿಲ್ಲ. ಮೊದಲು ಮೂವರೂ ಕೂತು ಮಾತಾಡುತ್ತೇವೆ. ಬಹಳ ಸಲ ಜಗಳ ಬಾತ್‌ರೂಮಿನದ್ದು, ಮೊಬೈಲಿನದ್ದು, ರಾತ್ರಿ ಮನೆಗೆ ಬರುವ ಹೊತ್ತಿನದ್ದು. ಸರಿ ಹೋಗದಿದ್ದರೆ ಇನ್ನೊಂದು ಮನೆ. ಸಂಘದಲ್ಲಿ ಏನು ಅಂದುಕೊಳ್ಳುತ್ತಾರೋ ಅಂತ ಮನೆಯವರು ತಡಮಾಡುತ್ತಾರೆ, ಅದೇ ತೊಂದರೆ.

ಮಗುವಿನ ಜೊತೆ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ?

ಮೊದಲು ಮಗುವನ್ನು ಆ ಮನೆಯಿಂದ, ಆ ಜಾಗದಿಂದ ಹೊರಗೆ ತರುವುದು. ವಿಚಾರಣೆ ಆಮೇಲೆ.

ಭಾರತದಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ, ವಿದೇಶಿ ಮಗುವಿಗೂ ಅದೇ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಒಂದು ಅಪರಾಧ. ಹಿರಿಯರು ಕೂತು ಮಾತಾಡಿ ಮುಗಿಸೋಣ, ಸಂಘದ ಹೆಸರು ಕೆಡುತ್ತದೆ ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಹಾಗೆ ಮುಗಿಸಲು ಹೊರಟವರೂ ಕಾನೂನಿನ ಕೈಗೆ ಸಿಗಬಹುದು. ಮಕ್ಕಳ ಸಹಾಯವಾಣಿ 1098 ನಂಬರನ್ನು ಬಂದ ದಿನವೇ ಮಗುವಿನ ಫೋನಿನಲ್ಲಿ ಹಾಕಿಕೊಡುತ್ತೇವೆ. ಮಗುವಿನ ದೇಶದ ಕಾನ್ಸುಲೇಟಿನ ನಂಬರೂ ಇರುತ್ತದೆ.

ಅಮೆರಿಕದಲ್ಲೂ ಇಂಥ ದೂರು ಬಂದರೆ ಸ್ಪಾನ್ಸರ್ ಸ್ಥಳೀಯ ಪೊಲೀಸರಿಗೂ ವಿದೇಶಾಂಗ ಇಲಾಖೆಗೂ ತಡಮಾಡದೆ ತಿಳಿಸಬೇಕು. ನಿಮ್ಮ ಮಗುವಿಗೆ ಹೊರಡುವ ಮೊದಲೇ ಹೇಳಿ: ‘ಇದನ್ನು ಯಾರಿಗೂ ಹೇಳಬೇಡ’ ಅಂತ ಯಾರು ಹೇಳಿದರೂ, ಅದನ್ನು ನಮಗೆ ಹೇಳು.

ಮಗುವಿಗೆ ಹುಷಾರಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಸಹಿ ಯಾರು ಮಾಡಬೇಕು?

ಮಗು ಬರುವ ಮೊದಲೇ ಹೆತ್ತವರು ಹೋಸ್ಟ್ ಮನೆಯವರಿಗೂ ಕೋಆರ್ಡಿನೇಟರ್‌ಗೂ ಚಿಕಿತ್ಸೆಗೆ ಒಪ್ಪಿಗೆ ಪತ್ರ ಬರೆದುಕೊಟ್ಟಿರಬೇಕು. ಒಂದು ಪ್ರತಿ ಫೋನಿನಲ್ಲಿ, ಒಂದು ಪ್ರತಿ ಮನೆಯ ಕಪಾಟಿನಲ್ಲಿ.

ಅರ್ಜಿ ಯಾವಾಗ ಹಾಕಬೇಕು?

ಮುಂದಿನ ಆಗಸ್ಟ್‌ಗೆ ಹೋಗಬೇಕಾದರೆ ಈ ಮಳೆಗಾಲ ಮುಗಿಯುವ ಹೊತ್ತಿಗೇ ವಿಚಾರಿಸಿ. ಮೊದಲು ಶಾಲೆಯ ಪ್ರಿನ್ಸಿಪಾಲರ ಮಾತು, ಆಮೇಲೆ ಪಾಸ್‌ಪೋರ್ಟ್, ಆಮೇಲೆ ಅರ್ಜಿ. ಇಂಗ್ಲಿಷ್ ಪರೀಕ್ಷೆ ಮತ್ತು ಸಂದರ್ಶನಕ್ಕೆ ಮಗು ಒಂದೇ ಬರಲಿ, ಅದರ ಪರವಾಗಿ ಅಪ್ಪ ಉತ್ತರ ಕೊಡುವುದು ಬೇಡ. ಇಟ್ಟುಕೊಳ್ಳುವ ಮನೆಯವರು ಯಾವಾಗ ಬೇಕಾದರೂ ಹೆಸರು ಕೊಡಬಹುದು. ನಮಗೆ ಯಾವತ್ತೂ ಕಡಿಮೆ ಬೀಳುವುದು ಅವರೇ.